ಕಾಳಿಯ ತಳಿ ಯಾವುದು?

ಬಸವನಗುಡಿಯ ಕೃಷ್ಣರಾವ್ ಪಾರ್ಕಿನ ಸುತ್ತ ಬೆಳಗಿನ ಹೊತ್ತು ನಡೆಯುವವರಲ್ಲಿ ನಾಯಿ ಹಿಡಿದವರದೇ ಒಂದು ಪಂಗಡ. ಅವರಲ್ಲಿ ಎಷ್ಟೋ ಜನಕ್ಕೆ ಒಬ್ಬರ ಹೆಸರು ಇನ್ನೊಬ್ಬರಿಗೆ ತಿಳಿಯದು. ‘ಬ್ರೂನೋ ಅವರಪ್ಪ’, ‘ಲಕ್ಕಿ ಅವರಮ್ಮ’ ಎಂದರೆ ಸಾಕು, ಗುರುತು ಹತ್ತುತ್ತದೆ. ಇವರ ಮಾತು ಸುತ್ತಿ ಸುತ್ತಿ ಬಂದು ನಿಲ್ಲುವುದು ಗುಣದ ಮೇಲೆ. ಲ್ಯಾಬ್ರಡಾರ್ ಸಾಧು, ಆದರೆ ಹೊಟ್ಟೆಬಾಕ. ಜರ್ಮನ್ ಶೆಫರ್ಡ್ ಬುದ್ಧಿವಂತ, ಸ್ವಲ್ಪ ಅನುಮಾನದ ಪ್ರಾಣಿ. ಪಮೇರಿಯನ್ ಬಾಯಿಬಡುಕ. ಬೀಗಲ್ ಯಾರ ಮಾತೂ ಕೇಳದು. ರಾಟ್‌ವೀಲರ್ ಬಂತೆಂದರೆ ಆಚೆ ಫುಟ್‌ಪಾತಿಗೆ ದಾಟಿಬಿಡಿ. ಯುಗಾದಿಯ ದಿನ ಪಂಚಾಂಗ ತೆರೆದು ಹನ್ನೆರಡು ರಾಶಿಗಳ ಫಲ ಓದಿದಷ್ಟೇ ನಿಶ್ಚಿಂತೆಯಿಂದ ಇದೆಲ್ಲ ಹೇಳಲಾಗುತ್ತದೆ. ಎದುರಿಗಿರುವ ಲ್ಯಾಬ್ರಡಾರ್ ಗುರ್ ಎಂದರೂ ಫಲ ಬದಲಾಗುವುದಿಲ್ಲ. ‘ಇದೊಂದು ಯಾಕೋ ಹೀಗೆ’ ಎಂದು ತೇಲಿಸಿ ಮುಂದಿನ ಸುತ್ತಿಗೆ ಹೊರಡುತ್ತಾರೆ.

ಒಂದೊಂದು ನಾಯಿಗೂ ಅದರದೇ ಸ್ವಭಾವ ಉಂಟೆಂಬುದನ್ನು ನಾಯಿಯೊಡನೆ ಬಾಳಿದ ಯಾರೂ ಅಲ್ಲಗಳೆಯರು. ಆದರೆ ತಳಿಗೆ? ಒಂದು ಮೈಕಟ್ಟು, ಒಂದು ಬಣ್ಣ, ಒಂದು ಸರ್ಟಿಫಿಕೇಟು ಹಂಚಿಕೊಂಡ ಸಾವಿರಾರು ಜೀವಗಳಿಗೆ ಮನಸ್ಸೂ ಒಂದೇ ಇರಬಲ್ಲುದೆ?

ಹುಟ್ಟುಗುಣ ಸುಟ್ಟರೂ ಹೋಗದು ಎಂಬುದು ನಮ್ಮ ಗಾದೆ. ಅದಕ್ಕೆ ಸಾಕ್ಷಿ ಬೇಕಾದಾಗಲೆಲ್ಲ ನಾಯಿಯ ಬಾಲವನ್ನೇ ಎಳೆದು ತರುತ್ತೇವೆ. ಬಾಲದ ಡೊಂಕಿಗೂ ಗುಣಕ್ಕೂ ಗಾದೆ ಹಾಕಿದ ಗಂಟು ಬರಿಯ ಮಾತಿನ ಚಮತ್ಕಾರ ಎನಿಸುತ್ತದೆ. ಆದರೆ 1959ರಿಂದ ರಷ್ಯಾದ ನೊವೊಸಿಬಿರ್ಸ್ಕ್‌ನಲ್ಲಿ ದಿಮಿತ್ರಿ ಬೆಲ್ಯಾಯೆವ್ ನಡೆಸಿದ ಪ್ರಯೋಗದ ವಿಷಯ ಕೇಳಿ. ತುಪ್ಪುಳಿಗಾಗಿ ಸಾಕುತ್ತಿದ್ದ ಬೆಳ್ಳಿನರಿಗಳಲ್ಲಿ, ಮನುಷ್ಯನ ಕೈ ಹತ್ತಿರ ಬಂದಾಗ ಕಚ್ಚದೆ, ಹೆದರದೆ ಇದ್ದವನ್ನಷ್ಟೇ ಆರಿಸಿ ಮರಿ ಮಾಡಿಸಿದರು. ಹತ್ತು ತಲೆಮಾರು ಕಳೆಯುವ ಮೊದಲೇ ಬಾಲ ಅಲ್ಲಾಡಿಸುವ, ಕೈ ನೆಕ್ಕುವ ನರಿಮರಿಗಳು ಹುಟ್ಟಿದವು. ಬರಬರುತ್ತ ಕೆಲವಕ್ಕೆ ಕಿವಿ ಜೋತುಬಿತ್ತು, ಕೆಲವಕ್ಕೆ ಬಾಲ ಮೇಲಕ್ಕೆ ಸುರುಳಿ ಸುತ್ತಿತು! ಅಂದರೆ ಗುಣ ರಕ್ತದಲ್ಲಿ ಇಳಿದು ಬರುತ್ತದೆ ಎಂಬುದೇನೋ ದಿಟ. ಆದರೆ ಅಲ್ಲಿ ಯಾರೋ ಕುಳಿತು ಗುಣವನ್ನೇ, ಬೇರೇನನ್ನೂ ಅಲ್ಲ, ತಲೆಮಾರಿನಿಂದ ತಲೆಮಾರಿಗೆ ಆರಿಸಿದ್ದರು. ತಳಿಯ ಮಾತು ಬಂದಾಗ ಮೊದಲು ವಿಚಾರಿಸಬೇಕಾದದ್ದು ಇದನ್ನೇ: ಆರಿಸಿದವರು ಯಾರು, ಆರಿಸಿದ್ದು ಏನನ್ನು?

ನಮ್ಮ ಮುಧೋಳವನ್ನೇ ನೋಡೋಣ. ಬಾಗಲಕೋಟೆ ಜಿಲ್ಲೆಯ ಆ ಸೀಮೆಯಲ್ಲಿ ಬೇಟೆಗೆಂದೇ ಬೆಳೆಸಿದ ನಾಯಿ ಅದು. ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆ ಇಂಗ್ಲೆಂಡಿನ ದೊರೆ ಐದನೆಯ ಜಾರ್ಜನಿಗೆ ಒಂದು ಜೋಡಿಯನ್ನು ಉಡುಗೊರೆ ಕೊಟ್ಟರೆಂಬುದು ಆ ಊರಿನ ಹೆಮ್ಮೆ. 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂತು. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೂ ಇದೆ. ಇದನ್ನು ಬೆಂಗಳೂರಿಗೆ ತಂದು ಮಹಡಿ ಮನೆಯಲ್ಲಿ ಸಾಕಿದವರ ದೂರು ಬಹುಮಟ್ಟಿಗೆ ಒಂದೇ: ಕರೆದರೆ ತಿರುಗಿಯೂ ನೋಡದು, ಅಪರಿಚಿತರು ಮುಟ್ಟಿದರೆ ಸಹಿಸದು, ಬೆಕ್ಕು ಕಂಡರೆ ಹಗ್ಗ ಕಿತ್ತುಕೊಂಡು ಓಡುತ್ತದೆ. ದೂರು ನಿಜವೇ. ಬಯಲಿನಲ್ಲಿ ಮೊಲದ ಬೆನ್ನು ಹತ್ತಿದ ನಾಯಿ ಯಜಮಾನನ ಕೂಗು ತಲುಪದಷ್ಟು ದೂರ ಹೋಗಿರುತ್ತದೆ. ಎಲ್ಲಿ ತಿರುಗಬೇಕು, ಯಾವಾಗ ಹಾರಬೇಕು ಎಂಬ ತೀರ್ಮಾನವೆಲ್ಲ ಅದರದೇ. ಪ್ರತಿ ಹೆಜ್ಜೆಗೂ ಹಿಂದಿರುಗಿ ಅಪ್ಪಣೆ ಕೇಳುವ ನಾಯಿ ಮೊಲ ಹಿಡಿದ ಹಾಗೇ! ಕುರಿ ಕಾಯುವ ಬಾರ್ಡರ್ ಕಾಲಿಯ ಕೆಲಸ ಇದಕ್ಕೆ ತಿರುಗುಮುರುಗು. ಅದು ಕುರುಬನ ಸಿಳ್ಳೆಗೆ ಕಿವಿಯಿಟ್ಟೇ ಬದುಕಬೇಕು. ಹಾಗಾಗಿ ಮುಧೋಳಕ್ಕೆ ‘ಮಾತು ಕೇಳದು’ ಎಂಬ ಬಿರುದು ಕೊಡುವ ನಾವು, ತಲೆಮಾರುಗಳ ಕಾಲ ಆರಿಸಿ ಉಳಿಸಿಕೊಂಡು ಬಂದ ಒಂದು ಕಸುಬಿಗೆ ಕೊಂಕು ತೆಗೆಯುತ್ತಿದ್ದೇವೆ.

ಕಸುಬಷ್ಟೇ ಅಲ್ಲ, ಕಣ್ಣೂ ಬೇರೆ. ಉದ್ದ ಮೂತಿಯ ನಾಯಿಗಳಲ್ಲಿ ಕಣ್ಣಿನ ಒಳಪರದೆಯ ನರಕೋಶಗಳು ಅಡ್ಡಪಟ್ಟಿಯಾಗಿ ಹರಡಿರುತ್ತವೆ, ಪಗ್‌ನಂಥ ಮೋಟು ಮೂತಿಯವುಗಳಲ್ಲಿ ನಡುವೆ ಒಟ್ಟುಗೂಡಿರುತ್ತವೆ ಎಂದು ಆಸ್ಟ್ರೇಲಿಯಾದ ಸಂಶೋಧಕರು 2004ರಲ್ಲಿ ತೋರಿಸಿದರು. ದಿಗಂತದುದ್ದಕ್ಕೂ ಏನು ಮಿಸುಕಿದರೂ ಮುಧೋಳಕ್ಕೆ ಕಾಣುತ್ತದೆ. ಪಗ್‌ಗೆ ಎದುರಿನದು, ಹತ್ತಿರದ್ದು ಚೆನ್ನಾಗಿ ಕಾಣುತ್ತದೆ, ಹೆಚ್ಚಾಗಿ ನಮ್ಮ ಮುಖವೇ. ಪಗ್ ನಮ್ಮನ್ನು ‘ಪ್ರೀತಿಯಿಂದ’ ದಿಟ್ಟಿಸುತ್ತದೆ, ಮುಧೋಳ ‘ಗಂಭೀರವಾಗಿ’ ದೂರ ನೋಡುತ್ತದೆ ಎಂದು ನಾವು ವರ್ಣಿಸುವಾಗ ತಲೆಬುರುಡೆಯ ಉದ್ದವನ್ನು ಮನಸ್ಸಿನ ಲೆಕ್ಕಕ್ಕೆ ಬರೆಯುತ್ತಿರಲೂಬಹುದು. ತಳಿ ಒಂದು ದೇಹವನ್ನು ಕೊಡುತ್ತದೆ, ದೇಹ ಒಂದು ಲೋಕವನ್ನು. ಅಲ್ಲಿಯವರೆಗೆ ನನಗೆ ತಕರಾರಿಲ್ಲ.

ತಕರಾರು ಶುರುವಾಗುವುದು ಅಂಗಡಿಯಲ್ಲಿ. ಇಂದು ನಾವು ಹೆಸರು ಹಿಡಿದು ಕರೆಯುವ ತಳಿಗಳಲ್ಲಿ ಬಹುಪಾಲಿಗೆ ಇನ್ನೂರು ವರ್ಷವೂ ತುಂಬಿಲ್ಲ. ಲಂಡನ್ನಿನಲ್ಲಿ ಕೆನಲ್ ಕ್ಲಬ್ ಸ್ಥಾಪನೆಯಾದದ್ದು 1873ರಲ್ಲಿ. ಆಮೇಲೆ ಪ್ರದರ್ಶನದ ಅಂಗಳದಲ್ಲಿ ಬಹುಮಾನ ಬಂದದ್ದು ಬಹಳ ಮಟ್ಟಿಗೆ ಕಿವಿಯ ಮಡಿಕೆಗೆ, ಬೆನ್ನಿನ ಗೆರೆಗೆ, ತುಪ್ಪುಳಿನ ಬಣ್ಣಕ್ಕೆ. ಆರಿಸುವವರು ರೂಪ ಆರಿಸಿದರು, ಕೊಳ್ಳುವವರು ಗುಣ ಕೇಳಿದರು, ಮಾರುವವರು ಎರಡಕ್ಕೂ ಸೇರಿಸಿ ಬೆಲೆ ಹೇಳಿದರು. 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಮೆರಿಕದ ದೊಡ್ಡ ಅಧ್ಯಯನ ಈ ವ್ಯಾಪಾರದ ಬುಡವನ್ನೇ ಅಲ್ಲಾಡಿಸಿತು. ಹದಿನೆಂಟು ಸಾವಿರಕ್ಕೂ ಹೆಚ್ಚು ನಾಯಿಗಳ ಬಗ್ಗೆ ಮನೆಯವರನ್ನು ಕೇಳಿ, ಎರಡು ಸಾವಿರಕ್ಕೂ ಹೆಚ್ಚು ನಾಯಿಗಳ ಜೀನುಗಳನ್ನು ಓದಿ ಅವರು ಕಂಡುಕೊಂಡದ್ದು: ನಾಯಿ ನಾಯಿಗೂ ನಡವಳಿಕೆಯಲ್ಲಿ ಇರುವ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಬಹುದಾದದ್ದು ಶೇ. 9ರಷ್ಟು. ಹೇಳಿದ ಮಾತಿಗೆ ಓಗೊಡುವ ಗುಣದಲ್ಲಿ ತಳಿಯ ಪ್ರಭಾವ ತಕ್ಕಮಟ್ಟಿಗೆ ಕಂಡಿತು. ಆದರೆ ಎಷ್ಟು ಬೇಗ ಕೆರಳುತ್ತದೆ ಎಂಬ ವಿಷಯದಲ್ಲಿ ತಳಿಯ ಹೆಸರು ಹೆಚ್ಚುಕಡಿಮೆ ಏನನ್ನೂ ತಿಳಿಸಲಿಲ್ಲ. ನಾವು ತಳಿ ನೋಡಿ ಊಹಿಸುವುದು, ಹೆದರುವುದು ಬಹುಪಾಲು ಇದೊಂದನ್ನೇ ಅಲ್ಲವೆ?

ಉಳಿದದ್ದೆಲ್ಲ ಎಲ್ಲಿಂದ ಬಂತು? ಹಳೆಯ ಬೆಂಗಳೂರಿನಲ್ಲಿ ಇದಕ್ಕೆ ಸಾಕ್ಷಿ ಮನೆಮನೆಯಲ್ಲೂ ಸಿಗುತ್ತಿತ್ತು. ಚಾಮರಾಜಪೇಟೆಯ ವಠಾರಗಳ ಬಿಳಿ ಪಮೇರಿಯನ್ನು ಬಾಯಿಬಡುಕನೆಂದು ಹೆಸರಾಗಿತ್ತು, ಸರಿ. ಬೀದಿಗೆ ಎರಡೇ ಅಡಿ ದೂರದ ಬಾಗಿಲಲ್ಲಿ, ಮೂರು ಮೊಳದ ಹಗ್ಗದಲ್ಲಿ, ಹಾಲಿನವನು, ಪೇಪರಿನವನು, ಸೊಪ್ಪಿನವಳು, ಪಕ್ಕದ ಮನೆಯ ನೆಂಟರು ಎಲ್ಲರೂ ಮೂಗಿನ ಮುಂದೆಯೇ ಹಾದುಹೋಗುತ್ತಿದ್ದರೆ ಯಾವ ಋಷಿ ತಾನೇ ಬೊಗಳದೆ ಇದ್ದಾನು? ಇತ್ತ ಬಸವನಗುಡಿಯ ಮನೆಗಳ ಅಲ್ಸೇಷನ್ನುಗಳು ಮೂರು ಹೊತ್ತೂ ಮೊಸರನ್ನ ತಿಂದು, ಸಂಜೆ ದೇವರ ದೀಪ ಹಚ್ಚುವಾಗ ಹೊಸ್ತಿಲಾಚೆ ಮುಂಗಾಲ ಮೇಲೆ ಮೂತಿಯಿಟ್ಟು ಮಲಗಿ, ಗೇಟಿನ ಮೇಲಿನ ‘ನಾಯಿ ಇದೆ ಎಚ್ಚರಿಕೆ’ ಬೋರ್ಡಿನ ಮಾನ ಕಳೆಯುತ್ತಿದ್ದವು. ಮೊಸರನ್ನವೂ ಅಸ್ವಾಭಾವಿಕವೇನಲ್ಲ. ತೋಳಕ್ಕಿಂತ ನಾಯಿಗೆ ಪಿಷ್ಟ ಅರಗಿಸುವ ಜೀನಿನ ಪ್ರತಿಗಳು ಹೆಚ್ಚು ಎಂದು ಸ್ವೀಡನ್ನಿನ ಸಂಶೋಧಕರು 2013ರಲ್ಲಿ ಬರೆದರು. ನಮ್ಮ ಅಜ್ಜಿಯರಿಗೆ ಆ ಪ್ರಬಂಧದ ಅಗತ್ಯವೇ ಬಿದ್ದಿರಲಿಲ್ಲ. ಮನೆಯ ಸದ್ದು, ಮನೆಯ ಹೊತ್ತು, ಮನೆಯವರ ಹೆದರಿಕೆ, ಇವೂ ನಾಯಿಯೊಳಗೆ ಇಳಿಯುತ್ತವೆ. ಇದಕ್ಕೆ ಸಂಸ್ಕಾರವೆಂಬ ಹೆಸರು ದೊಡ್ಡದಾಯಿತೆಂದರೆ ಅಭ್ಯಾಸವೆನ್ನಿ, ಜಗಳವಿಲ್ಲ.

ತಳಿಯ ಹೆಸರು ನೋಡಿ ಹೆದರುವುದು ಸರ್ಕಾರಕ್ಕೂ ತಪ್ಪಿದ್ದಲ್ಲ. 2024ರ ಮಾರ್ಚ್ 12ರಂದು ಕೇಂದ್ರ ಸರ್ಕಾರ ರಾಜ್ಯಗಳಿಗೆ ಸುತ್ತೋಲೆಯೊಂದನ್ನು ಕಳಿಸಿತು. ಪಿಟ್‌ಬುಲ್, ರಾಟ್‌ವೀಲರ್ ಮೊದಲಾದ 23 ತಳಿಗಳು ಮನುಷ್ಯನ ಜೀವಕ್ಕೆ ಅಪಾಯ, ಅವುಗಳ ಮಾರಾಟಕ್ಕೆ ಪರವಾನಗಿ ಕೊಡಬೇಡಿ, ಈಗಾಗಲೇ ಸಾಕಿರುವವಕ್ಕೆ ಸಂತಾನಹರಣ ಮಾಡಿಸಿ ಎಂದು. ಏಪ್ರಿಲ್ 10ರಂದು ಕರ್ನಾಟಕ ಹೈಕೋರ್ಟು ಅದನ್ನು ರದ್ದುಪಡಿಸಿತು. ಸಂಬಂಧಪಟ್ಟವರನ್ನು ಕೇಳದೆ ಹೊರಡಿಸಿದ್ದೆಂಬುದು ಒಂದು ಮುಖ್ಯ ಕಾರಣ. ಬಲಿಷ್ಠ ದವಡೆಯ ನಾಯಿ ಕಚ್ಚಿದರೆ ಗಾಯ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಮಗುವಿರುವ ಮನೆಯವರು ಆ ಲೆಕ್ಕ ಹಾಕಲೇಬೇಕು. ಆದರೆ ದವಡೆಯ ಬಲ ಬೇರೆ, ಕಚ್ಚುವ ಮನಸ್ಸು ಬೇರೆ. ಎರಡನ್ನೂ ಒಂದೇ ಪಟ್ಟಿಯಲ್ಲಿ ಬರೆದಾಗ ನನಗೆ ನೆನಪಾಗುವುದು ಮಹಾಭಾರತದ ಸರಮೆ. ಕೊನೆಯಲ್ಲಿ ಧರ್ಮರಾಯನ ಹಿಂದೆ ಹೋದ ನಾಯಿ ಎಲ್ಲರಿಗೂ ಗೊತ್ತು. ಆದಿಪರ್ವದ ನಾಯಿಯನ್ನು ಮರೆತುಬಿಡುತ್ತೇವೆ. ಜನಮೇಜಯನ ಯಜ್ಞಶಾಲೆಗೆ ಬಂದ ಸರಮೆಯ ಮರಿಯನ್ನು ಅವನ ತಮ್ಮಂದಿರು ಬಡಿದಟ್ಟುತ್ತಾರೆ. ಅದು ಹವಿಸ್ಸನ್ನು ನೆಕ್ಕಿರಲಿಲ್ಲ, ಅತ್ತ ನೋಡಿಯೂ ಇರಲಿಲ್ಲ. ತಾಯಿ ಬಂದು ಯಾಕೆ ಹೊಡೆದಿರೆಂದು ಕೇಳಿದರೆ ಅವರಲ್ಲಿ ಉತ್ತರವಿಲ್ಲ. ನಾಯಿಯಾದ ಮೇಲೆ ನೆಕ್ಕಿಯೇ ನೆಕ್ಕುತ್ತದೆ ಎಂಬ ಊಹೆಯನ್ನು ಬಾಯಿಬಿಟ್ಟು ಹೇಳಲಾಗುವುದಿಲ್ಲವಲ್ಲ.

ಈ ಊಹೆ ನಮಗೆ ಹೊಸದಲ್ಲ. 1898ರ ಪ್ಲೇಗಿನ ಕಾಲದಲ್ಲಿ ಪೇಟೆಯ ಜನರಿಗೆ ಆಸರೆಯಾದ ಮಲ್ಲೇಶ್ವರವನ್ನು ಸಮುದಾಯಕ್ಕೊಂದು ಬ್ಲಾಕಿನಂತೆ ಹಂಚಲಾಗಿತ್ತು. ಮನೆ ಯಾವ ಅಡ್ಡರಸ್ತೆಯಲ್ಲಿ ಎಂದು ತಿಳಿದರೆ ಒಳಗಿನವರ ಅಡುಗೆ, ಮಾತು, ಮಡಿ ಎಲ್ಲವನ್ನೂ ಊಹಿಸಬಹುದಿತ್ತು. ಊಹೆ ಹಲವು ಸಲ ನಿಜವೂ ಆಗುತ್ತಿತ್ತು, ಅದೇ ಅದರ ಮೋಸ. ಈಗ ಮನುಷ್ಯರ ವಿಷಯದಲ್ಲಿ ಬಹಿರಂಗವಾಗಿ ಆಡಲು ನಾಚುವ ಮಾತುಗಳನ್ನು ನಾಯಿಯ ಬಗ್ಗೆ ಧಾರಾಳವಾಗಿ ಆಡುತ್ತೇವೆ: ಶುದ್ಧ ರಕ್ತ, ಒಳ್ಳೆಯ ವಂಶ, ಬೆರಕೆ, ಕಂತ್ರಿ. ನಾಯಿ ಕೇಳಿಸಿಕೊಂಡು ಬೇಸರಪಡದು. ಆದರೆ ಶುದ್ಧತೆಯ ಸಾಲ ತೀರಿಸುವುದು ಅದೇ. ಹತ್ತಿರದ ರಕ್ತದೊಳಗೇ ಕೂಡಿಸಿ ಹುಟ್ಟಿಸಿದ ಮರಿಗಳಿಗೆ ಬರುವ ರೋಗ 2022ರ ‘777 ಚಾರ್ಲಿ’ ಚಿತ್ರ ನೋಡಿದವರಿಗೆ ಪರಿಚಿತ. ಆ ಕಥೆಯ ಲ್ಯಾಬ್ರಡಾರಿನ ಕಾಯಿಲೆಗೆ ಅದೇ ಮೂಲ.

ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆತಕೂರಿನ ಕಲ್ಲಿದೆ. ಮಂಡ್ಯ ಸೀಮೆಯದು, ಸುಮಾರು ಕ್ರಿ.ಶ. 950ರದು. ತಕ್ಕೋಲದ ಯುದ್ಧ, ರಾಷ್ಟ್ರಕೂಟರ ಮೂರನೆಯ ಕೃಷ್ಣ, ಗಂಗರ ಬೂತುಗ, ಚೋಳ ರಾಜಾದಿತ್ಯನ ಸಾವು, ಹೀಗೆ ಚರಿತ್ರೆಯವರಿಗೆ ಬೇಕಾದದ್ದೆಲ್ಲ ಅದರಲ್ಲಿದೆ. ಆದರೆ ಕಲ್ಲು ನಿಂತದ್ದು ಕಾಳಿ ಎಂಬ ಬೇಟೆನಾಯಿಗಾಗಿ. ಯುದ್ಧದಲ್ಲಿ ಮೆರೆದ ಮಣಲೆರನಿಗೆ ಒಡೆಯ ಮೆಚ್ಚಿ ಬೇಡಿಕೋ ಎಂದಾಗ ಅವನು ಕೇಳಿದ್ದು ಆ ನಾಯಿಯನ್ನು. ಅದು ಒಂದು ದೊಡ್ಡ ಹಂದಿಯೊಡನೆ ಸೆಣಸಿತು, ಎರಡೂ ಸತ್ತವು. ಅವನು ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟ. ಕಾಳಿಯ ತಳಿ ಯಾವುದೆಂದು ಶಾಸನ ಹೇಳುವುದಿಲ್ಲ. ಅದರ ಹೆಸರು ಹೇಳುತ್ತದೆ, ಮಾಡಿದ್ದನ್ನು ಹೇಳುತ್ತದೆ. ಮುಧೋಳದವರು ಅದನ್ನು ತಮ್ಮದೆನ್ನಬಹುದು, ಅನ್ನಲಿ. ಬೇಟೆಗೆ ಹುಟ್ಟಿದ ನಾಯಿಗಳು ಗಂಗರ ನಾಡಿನಲ್ಲಿ ಎಷ್ಟೋ ಇದ್ದವು. ಮಣಲೆರ ಬೇಡಿದ್ದು ಅವುಗಳಲ್ಲಿ ಒಂದನ್ನು, ಈ ಒಂದನ್ನೇ.

ತಳಿಯ ಹಂಗೇ ಇಲ್ಲದ ನಾಯಿಗಳೂ ನಮ್ಮೆದುರಿಗಿವೆ. 2023ರ ಎಣಿಕೆಯಲ್ಲಿ ಬೆಂಗಳೂರಿನ ಬೀದಿನಾಯಿಗಳು ಸುಮಾರು 2.79 ಲಕ್ಷ. ಅವುಗಳನ್ನು ಯಾರೂ ಗುಣ ನೋಡಿ ಆರಿಸಲಿಲ್ಲ, ರೂಪ ನೋಡಿ ಕೂಡಿಸಲಿಲ್ಲ. ಹಾಗಿದ್ದರೆ ಎಲ್ಲ ಒಂದೇ ಥರ ಇರಬೇಕಿತ್ತಲ್ಲ? ಒಂದೇ ಚರಂಡಿ ಮೋರಿಯಲ್ಲಿ, ಒಂದೇ ಸೂಲಿನಲ್ಲಿ ಹುಟ್ಟಿದ ನಾಲ್ಕರಲ್ಲಿ ಒಂದು ಆಟೋ ಕೆಳಗಿಂದ ಈಚೆ ಬರುವುದೇ ಇಲ್ಲ, ಇನ್ನೊಂದು ಬೇಕರಿಯವನ ಕೌಂಟರಿಗೆ ಕಾಲು ಕೊಟ್ಟು ನಿಲ್ಲುತ್ತದೆ, ಮತ್ತೊಂದಕ್ಕೆ ಸೈಕಲ್ಲೆಂದರೆ ಆಗದು, ಬೈಕು ಅಡ್ಡಿಯಿಲ್ಲ. ಸಂತಾನಹರಣ ಮಾಡಿಸಿ, ಗುರುತಿಗೆ ಕಿವಿ ಕತ್ತರಿಸಿ ಅದೇ ಬೀದಿಗೆ ತಂದು ಬಿಟ್ಟ ಮೇಲೂ ಈ ಭೇದಗಳು ಹಾಗೇ ಉಳಿಯುತ್ತವೆ. ರಾತ್ರಿ ಅವಕ್ಕೆ ಅನ್ನ ಹಾಕುವವರನ್ನು ಕೇಳಿದರೆ ಒಂದೊಂದರ ಚರಿತ್ರೆಯನ್ನೂ ಬಿಡಿಸಿ ಹೇಳುತ್ತಾರೆ. ಅಷ್ಟು ತಿಳಿಯಲು ವರ್ಷಗಟ್ಟಲೆ ಅದೇ ಹೊತ್ತಿಗೆ ಅದೇ ಮೂಲೆಗೆ ಹೋಗಬೇಕು. ತಳಿಯ ಹೆಸರಿನ ಅನುಕೂಲ ನಿಜವಾಗಿ ಇರುವುದು ಇಲ್ಲೇ: ಆ ವರ್ಷಗಳ ಕೆಲಸವನ್ನು ಅದು ಉಳಿಸಿಕೊಡುತ್ತದೆ, ಅಥವಾ ಉಳಿಸಿಕೊಟ್ಟಂತೆ ಮಾಡುತ್ತದೆ.

ನಾಯಿಗಳಿಗೆ ತಾವೇ ಹೇಗೆ ಕಾಣುತ್ತವೋ. ಫ್ರಾನ್ಸಿನ ಸಂಶೋಧಕರು 2013ರಲ್ಲಿ ಒಂಬತ್ತು ನಾಯಿಗಳಿಗೆ ಪರದೆಯ ಮೇಲೆ ಮುಖಗಳನ್ನು ತೋರಿಸಿದರು. ಹಸು, ಬೆಕ್ಕು, ಮೊಲ, ಮನುಷ್ಯರ ಮುಖಗಳ ನಡುವೆ ಬಗೆಬಗೆಯ ತಳಿಗಳ ನಾಯಿಮುಖ. ಆಕಾರ, ಬಣ್ಣ ಎಷ್ಟೇ ಬೇರೆಯಾದರೂ ನಾಯಿಗಳು ನಾಯಿಯನ್ನು ನಾಯಿಯೆಂದೇ ಆರಿಸಿದವು. ಗುರುತಿನ ಮಿಕ್ಕ ಕೆಲಸ ಮೂಗಿನದು: ಗಂಡೋ ಹೆಣ್ಣೋ, ಹಿಂದೆ ಕಂಡದ್ದೋ ಹೊಸದೋ. ಸ್ಯಾಂಕಿ ಕೆರೆಯ ಏರಿಯ ಮೇಲೆ ಸಂಜೆ ಎರಡು ನಾಯಿಗಳು ಎದುರಾದರೆ ಈ ವಿಚಾರಣೆಯನ್ನು ಅವು ಶ್ರದ್ಧೆಯಿಂದ ನಡೆಸುತ್ತವೆ. ಅಷ್ಟು ಹೊತ್ತು ಸುಮ್ಮನೆ ನಿಲ್ಲಲಾಗದೆ ಹಗ್ಗ ಹಿಡಿದವರಲ್ಲೊಬ್ಬರು ಕೇಳುತ್ತಾರೆ: ‘ನಿಮ್ಮದು ಯಾವ ಬ್ರೀಡು ಸಾರ್?’