ಕಟ್ಟಡದ ಮೇಲಿನ ಹೆಸರು ಯಾರದಾಗಬೇಕು?



ದಾಸೋಹವೆಂದರೆ ಕೊಟ್ಟು ಮರೆಯುವುದು. ಆದರೆ ಗಡಿಭಾಗದ ನಮ್ಮ ಊರುಗಳಲ್ಲಿ ಶಾಲೆಗೊಂದು ಕೋಣೆ ಕಟ್ಟಿಸುವ ಮಾತು ಬಂದಾಗ, ಕಲ್ಲಿನ ಮೇಲೆ ಯಾರ ಹೆಸರು ಎಂಬ ಪ್ರಶ್ನೆಯೂ ಬರುತ್ತದೆ. ಇದನ್ನು ಬರಿಯ ಅಹಂಕಾರವೆಂದು ತಳ್ಳಿಹಾಕುವುದು ಸರಿಯಲ್ಲ. ಹೆಸರು ಇರಬೇಕೇ, ಇದ್ದರೆ ಯಾರದು ಎಂಬುದನ್ನು ನಾವೆಲ್ಲ ಕೂಡಿ ವಿಚಾರಿಸೋಣ.

ಬೆಳಗಾವಿಯ ಜಿ.ಎ. ಹೈಸ್ಕೂಲನ್ನು ನಮ್ಮಲ್ಲಿ ಅನೇಕರು ಬಲ್ಲರು. 1916ರಲ್ಲಿ ಏಳು ಮಂದಿ ತರುಣ ಶಿಕ್ಷಕರು ತೆರೆದ ಶಾಲೆಯದು, ಕೆ.ಎಲ್.ಇ. ಸಂಸ್ಥೆಯ ಬೇರು ಅಲ್ಲಿಯೇ ಇದೆ. ಸಮಾಜವು ಅವರನ್ನು ಸಪ್ತರ್ಷಿಗಳೆಂದು ಗೌರವಿಸಿತು. ಆದರೆ ಶಾಲೆಗೆ ಬಂದದ್ದು ಅವರ ಹೆಸರಲ್ಲ. ಅವರಿಗಿಂತ ಒಂದು ತಲೆಮಾರು ಹಿಂದೆ, 1883ರಲ್ಲಿ, ಧಾರವಾಡದಲ್ಲಿ ಬಡ ವಿದ್ಯಾರ್ಥಿಗಳಿಗಾಗಿ ನಿಧಿ ಕೂಡಿಸಿದ ಗಿಲಗಂಚಿ ಗುರುಸಿದ್ದಪ್ಪನವರ ಮತ್ತು ಅರಟಾಳ ರುದ್ರಗೌಡರ ಹೆಸರು. ಕಟ್ಟಿದವರು ತಮಗೆ ದಾರಿ ಮಾಡಿಕೊಟ್ಟ ಹಿರಿಯರನ್ನು ಮುಂದೆ ನಿಲ್ಲಿಸಿ ತಾವು ಹಿಂದೆ ಸರಿದರು.

ಅದೇ ಸಂಸ್ಥೆ 1933ರಲ್ಲಿ ತೆರೆದ ಕಾಲೇಜಿಗೆ ಶಿರಸಂಗಿ ಲಿಂಗರಾಜರ ಹೆಸರಿದೆ. ಮಕ್ಕಳಿಲ್ಲದ ಆ ದೇಸಾಯರು ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆಂದು ಮೃತ್ಯುಪತ್ರದಲ್ಲಿ ಬರೆದಿಟ್ಟು 1906ರಲ್ಲಿ ಲಿಂಗೈಕ್ಯರಾದರು. ಕಾಲೇಜು ಎದ್ದದ್ದು ಇಪ್ಪತ್ತೇಳು ವರ್ಷಗಳ ಮೇಲೆ. ಆ ಹೆಸರು ಅವರು ಕೇಳಿ ಪಡೆದದ್ದಲ್ಲ.

ವ್ಯಾಪಾರ ಬಲ್ಲ ನಮಗೆ ಇಲ್ಲಿಯ ಲೆಕ್ಕ ತಿಳಿಯದ್ದೇನಲ್ಲ. ಹೆಸರು ಹಾಕುವಿರಾದರೆ ಕೊಡುತ್ತೇವೆ ಎಂದರೆ ಅದು ಕೊಡುಕೊಳ್ಳುವಿಕೆ. ತಪ್ಪೇನಲ್ಲ, ಆದರೆ ದಾಸೋಹವಲ್ಲ. ಉಂಡವರು ತಾವಾಗಿ ನೆನೆದು ಹೆಸರಿಟ್ಟರೆ ಅದು ಕೃತಜ್ಞತೆ. ಶರಣರೂ ತಮ್ಮ ವಚನಗಳಿಗೆ ತಮ್ಮ ಹೆಸರನ್ನಿಡಲಿಲ್ಲ, ಇಷ್ಟದೈವದ ಅಂಕಿತವಿಟ್ಟರು. ಅದರಿಂದ ಅವರ ನೆನಪು ಅಳಿಯಲಿಲ್ಲ.

ಹಾಗೆಂದು ಹೆಸರೇ ಬೇಡವೆನ್ನುವುದೂ ತರವಲ್ಲ. ಯಾರ ಋಣದಲ್ಲಿ ಕುಳಿತು ಕಲಿಯುತ್ತಿದ್ದೇನೆಂದು ಅರಿಯದ ಮಗು, ಸಿಕ್ಕದ್ದೆಲ್ಲ ತನಗೆ ಸಲ್ಲಬೇಕಾದದ್ದೇ ಎಂದು ಬೆಳೆಯುತ್ತದೆ. ನಾಳೆ ಕೊಡುವ ಕೈ ಅದಕ್ಕೆ ಬರುವುದೆಲ್ಲಿಂದ? ಗಿಲಗಂಚಿ, ಅರಟಾಳ ಎಂಬ ಎರಡು ಹೆಸರುಗಳು ಬಾಯಿಮಾತಿನಲ್ಲಿ ಎರಡಕ್ಷರಗಳಾಗಿವೆ. ಆ ಅಕ್ಷರಗಳ ಹಿಂದಿನ ಮನುಷ್ಯರನ್ನು ಹೇಳಿಕೊಡದಿದ್ದರೆ ಕಲ್ಲು ಉಳಿದೀತು, ಹೆಸರು ಉಳಿಯದು.

ಇನ್ನೊಂದು ಮಾತು. ಶಾಲೆ ಹಣದಿಂದಷ್ಟೇ ಏಳುವುದಿಲ್ಲ. ಬಂಡಿಯಲ್ಲಿ ಕಲ್ಲು ಹೊತ್ತು ತಂದ ರೈತರು, ಗೋಡೆಗೆ ನೀರುಣಿಸಿದ ತಾಯಂದಿರು, ಪರರಾಜ್ಯದ ಗಡಿಯೊಳಗೆ ಕನ್ನಡದ ಓಂಕಾರ ತಿದ್ದಿಸಿದ ಗುರುಗಳು ಯಾವ ಕಲ್ಲಿನ ಮೇಲೂ ಇಲ್ಲ. ಕಾಯಕಕ್ಕೆ ಮೇಲುಕೀಳಿಲ್ಲವೆಂದ ಮೇಲೆ ದಾನಿಯ ಪಕ್ಕದಲ್ಲಿ ಇವರಿಗೂ ಎಡೆ ಬೇಕು.

ಆದ್ದರಿಂದ ಭಕ್ತರಲ್ಲಿ ನಮ್ಮ ಅರಿಕೆ ಇಷ್ಟೇ: ಕೋಣೆ ಕಟ್ಟಿಸುವವರು ತಮ್ಮ ಹೆಸರಿಗೆ ಬದಲು ತಮಗೆ ಅಕ್ಷರ ಕಲಿಸಿದವರ ಹೆಸರನ್ನು ಸೂಚಿಸಲಿ. ಶಾಲೆಯವರು ವರ್ಷಕ್ಕೊಮ್ಮೆ ಆ ಹೆಸರಿನ ಕಥೆಯನ್ನು ಮಕ್ಕಳಿಗೆ ಹೇಳಲಿ. ಕೊಟ್ಟವರು ಮರೆಯಲಿ, ಪಡೆದವರು ನೆನೆಯಲಿ.