ಮುದಿ ಎತ್ತಿನ ಋಣ

ದೇವಾಲಯದ ಜೀರ್ಣೋದ್ಧಾರವಾದೆಡೆಯಲ್ಲಿ ಗೋಶಾಲೆಯೂ ಒಂದಾಗಲೆಂಬ ಅಪೇಕ್ಷೆ ಭಕ್ತಜನರಲ್ಲಿ ಮೂಡುವುದು ಸಹಜವೇ. ಒಳಗೆ ನಂದಿಯು ಶಿಲಾರೂಪದಿಂದ ಪೂಜೆಗೊಳ್ಳುತ್ತಿರಲು, ಹೊರಗೆ ಅವನ ಸಂತತಿಯು ಹಸಿದು ಅಲೆಯುವುದು ಯಾರ ಕಣ್ಣಿಗೂ ಒಪ್ಪತಕ್ಕ ನೋಟವಲ್ಲ. ಆದರೆ ಗೋಶಾಲೆಯು ಯಾರ ಋಣವನ್ನು ಯಾರು ತೀರಿಸುವ ಸ್ಥಳವೆಂಬುದನ್ನು ಅಡಿಗಲ್ಲಿಡುವ ಮುನ್ನವೇ ವಿಚಾರಿಸತಕ್ಕದ್ದು.

ವಲಾಂಡಿಯ ಸುತ್ತಲಿನ ಸೀಮೆಯು ದೇವಣಿ ತಳಿಯ ತವರುಮನೆ. ಉದಗೀರ, ನಿಲಂಗಾ ತಾಲೂಕುಗಳು 1956ರವರೆಗೆ ಭಾಲ್ಕಿ, ಹುಮನಾಬಾದಗಳೊಡನೆ ಬೀದರ ಜಿಲ್ಲೆಯಲ್ಲಿಯೇ ಇದ್ದವು. ರಾಜ್ಯಗಳ ಮೇರೆ ಬೇರೆಯಾಯಿತು; ದನಗಳ ವಂಶ ಬೇರೆಯಾಗಲಿಲ್ಲ. ಅಚ್ಚ ಬಿಳಿಯ ಮೈಯಿದ್ದು ಮುಖದ ಇಕ್ಕೆಲ ಮಾತ್ರ ಕಪ್ಪಾದರೆ ವಾನೇರಾ, ಮೈಮೇಲೆ ಅಲ್ಲಲ್ಲಿ ಕರಿಯ ಮಚ್ಚೆಗಳಿದ್ದರೆ ಶೇವರಾ ಎಂದು ಒಕ್ಕಲಿಗರು ಗುರುತಿಸುವರು. ಹಾಲಿಗೂ ನೇಗಿಲಿಗೂ ಒದಗುವ ಈ ತಳಿಯು ಎರೆಭೂಮಿಯಲ್ಲಿ ದುಡಿದೇ ಉಳಿದುಬಂದಿತು. ಟ್ರ್ಯಾಕ್ಟರು ಬಂದ ಬಳಿಕ ನೊಗಕ್ಕೆ ಕೆಲಸ ತಪ್ಪಿತು. ಹೈನದ ಆಕಳಿಗೆ ಇಂದಿಗೂ ಕೊಟ್ಟಿಗೆಯುಂಟು; ಹೋರಿಗರುವಿಗೂ ಮುದಿ ಎತ್ತಿಗೂ ಅದು ದುರ್ಲಭ.

ಮಹಾರಾಷ್ಟ್ರದಲ್ಲಿ ಆಕಳ ವಧೆಯನ್ನು 1976ರ ಕಾಯಿದೆಯು ನಿಷೇಧಿಸಿತ್ತು; 2015ರಿಂದ ಎತ್ತು ಹೋರಿಗಳಿಗೂ ಆ ರಕ್ಷಣೆ ಬಂದಿತು. ಕಾಯಿದೆಯು ಕತ್ತಿಯನ್ನು ತಡೆಯಬಲ್ಲದು, ಮೇವು ಹಾಕಲಾರದು. ಮಾರಲೂ ಸಾಕಲೂ ಆಗದ ಎತ್ತನ್ನು ರಾತ್ರಿಯ ಹೊತ್ತು ಗೋಶಾಲೆಯ ಬಾಗಿಲಿಗೆ ಕಟ್ಟಿ ಹೋಗುವವನೂ ಮನಸ್ಸಿನಲ್ಲಿ ಗೋದಾನದ ಪುಣ್ಯವನ್ನೇ ಎಣಿಸಿಕೊಂಡಾನು.

ಇಂಥ ದಾನವು ಹೊಸದೇನಲ್ಲ. ಕಠೋಪನಿಷತ್ತಿನಲ್ಲಿ ವಾಜಶ್ರವಸನು ಸರ್ವಸ್ವವನ್ನೂ ಕೊಡಬೇಕಾದ ಯಾಗದಲ್ಲಿ ಕೊಟ್ಟುದು ಹಾಲು ಬತ್ತಿದ, ನೀರು ಕುಡಿದು ಹುಲ್ಲು ಮೇಯುವ ಕಾಲವೂ ಮುಗಿದ ಗೋವುಗಳನ್ನು. ಅದನ್ನು ಕಂಡು ತಳಮಳಿಸಿದವನು ಮಗನಾದ ನಚಿಕೇತ, ಇನ್ನೂ ಬಾಲಕ. ತನ್ನನ್ನು ಯಾರಿಗೆ ಕೊಡುವೆಯೆಂದು ತಂದೆಯನ್ನು ಮೂರು ಸಲ ಕೇಳಿದನು. ಸಿಟ್ಟಿನ ಉತ್ತರ ಪಡೆದು ಯಮನ ಮನೆಗೆ ನಡೆದನು. ಆತ್ಮವಿದ್ಯೆಯ ಆ ಮಹಾಸಂವಾದವನ್ನು ಓದುವವರು ಅದರ ಬಾಗಿಲಲ್ಲಿ ನಿಂತ ಆ ಬಡಕಲು ಗೋವುಗಳನ್ನು ದಾಟಿ ಒಳಗೆ ಹೋಗಿಬಿಡುವುದೇ ಹೆಚ್ಚು.

ಹಾಗಾದರೆ ಮುದಿಯಾದುದನ್ನು ಒಪ್ಪಿಸುವುದೇ ದೋಷವೋ? ಹಾಗೆಂದರೆ ಬಡ ಒಕ್ಕಲಿಗನಿಗೆ ಅನ್ಯಾಯವಾದೀತು. 2016ರಲ್ಲಿ ಲಾತೂರಿಗೆ ಮೀರಜದಿಂದ ರೈಲಿನಲ್ಲಿ ನೀರು ಬಂದಿತು. ಮನುಷ್ಯರಿಗೇ ಇಲ್ಲದ್ದನ್ನು ಎತ್ತಿಗೆ ಎಲ್ಲಿಂದ ತರಬೇಕು? ಹೊರೆ ಇಳಿಸಿದ ತಪ್ಪನ್ನು ಕ್ಷಮಿಸಬಹುದು; ಇಳಿಸಿದ್ದನ್ನು ದಾನವೆಂದು ಕರೆದು, ದುಡಿಸಿಕೊಂಡ ಋಣವನ್ನು ಮರೆಯುವುದು ವಾಜಶ್ರವಸನ ತಪ್ಪು.

ಲೆಕ್ಕವನ್ನೂ ನೋಡಬೇಕು. 350 ಕಿಲೋ ತೂಕದ ದನಕ್ಕೆ ದಿನಕ್ಕೆ ಸುಮಾರು 8 ಕಿಲೋ ಒಣಮೇವು ಬೇಕು. ವರ್ಷಕ್ಕೆ ಹತ್ತಿರ ಹತ್ತಿರ 3 ಟನ್ನು, ನೂರು ದನಗಳಿಗೆ 300 ಟನ್ನು. ಉದ್ಘಾಟನೆಯ ದಿನದ ಕಾಣಿಕೆಯಿಂದ ಗೋಡೆ ಏಳುತ್ತದೆ. ಗೋಡೆಯೊಳಗಿನ ಜೀವ ಬೇಡುವುದು ಜೋಳದ ಕಣಿಕೆಯನ್ನು. ಎರಡು ಶಬ್ದಗಳಿಗೂ ಇರುವ ಅಂತರ ಒಂದೇ ದೀರ್ಘ, ಆದರೆ ವರ್ಷವಿಡೀ ಎಳೆಯಬೇಕಾದ ದೀರ್ಘ.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಗೋಧ್ಯಕ್ಷನೆಂಬ ಅಧಿಕಾರಿಯುಂಟು. ರೋಗ ಹಿಡಿದ, ಊನಗೊಂಡ ದನಗಳ ಮಂದೆಗೆ ಭಗ್ನೋತ್ಸೃಷ್ಟಕವೆಂಬ ಪ್ರತ್ಯೇಕ ವರ್ಗವೇ ಅಲ್ಲಿದೆ. ಪ್ರತಿಯೊಂದು ದನದ ಮುದ್ರೆ, ಬಣ್ಣ, ಕೊಂಬುಗಳ ಅಂತರ ಇವನ್ನೆಲ್ಲ ಬರೆಯಿಸಬೇಕೆಂದು ವಿಧಿ. ಹೊಸ ಗೋಶಾಲೆಯ ಪುಸ್ತಕದಲ್ಲಿ ಇವುಗಳ ಮಗ್ಗುಲಿಗೆ ಇನ್ನೊಂದು ಗೆರೆ ಎಳೆಯತಕ್ಕದ್ದು: ಈ ಎತ್ತು ಯಾರ ಹೊಲವನ್ನು ಎಷ್ಟು ವರ್ಷ ಉತ್ತಿತು, ಸುಗ್ಗಿಯಲ್ಲಿ ಆ ಹೊಲದಿಂದ ಎಷ್ಟು ಸಿವುಡು ಕಣಿಕೆ ಬಂದಿತು. ಬರಗಾಲದ ವರ್ಷ ಅಂಕಿಯ ಸ್ಥಳವನ್ನು ಖಾಲಿ ಬಿಡಬಹುದು; ಹೆಸರನ್ನು ಹೊಡೆದುಹಾಕಕೂಡದು.