ಕೈಬಿಟ್ಟದ್ದರ ಲೆಕ್ಕ

2018ರ ಅಕ್ಟೋಬರ್ 8ರ ರಾತ್ರಿ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಸೂಪರ್‌ಡೋಮ್ ಕ್ರೀಡಾಂಗಣ ಕಿಕ್ಕಿರಿದಿತ್ತು. 39 ವರ್ಷದ ಡ್ರೂ ಬ್ರೀಸ್ ಕೆಲವು ಹೆಜ್ಜೆ ಹಿಂದೆ ಸರಿದು, ಚೆಂಡನ್ನು ಕಿವಿಯ ಮಟ್ಟಕ್ಕೆ ಎತ್ತಿ, ದೂರದಲ್ಲಿ ಓಡುತ್ತಿದ್ದ ಟ್ರೆಕ್ವಾನ್ ಸ್ಮಿತ್ ಕಡೆಗೆ ಎಸೆದರು. ಸ್ಮಿತ್ ಆ ವರ್ಷವಷ್ಟೇ ತಂಡ ಸೇರಿದ್ದ ಹುಡುಗ. ಚೆಂಡು ಹಿಡಿದವನೇ ಓಡಿ ಕೊನೆಯ ಗೆರೆ ದಾಟಿದ. ಒಟ್ಟು 62 ಗಜ. ಪೇಟನ್ ಮ್ಯಾನಿಂಗ್ ಹೆಸರಿನಲ್ಲಿದ್ದ 71,940 ಗಜಗಳ ಜೀವಮಾನದ ಪಾಸಿಂಗ್ ದಾಖಲೆ ಆ ಕ್ಷಣದಲ್ಲಿ ಮುರಿಯಿತು. ಪಂದ್ಯ ನಿಂತಿತು. ಬ್ರೀಸ್ ತಂಡದವರನ್ನು ತಬ್ಬಿದರು, ಹೆಂಡತಿ ಮಕ್ಕಳ ಬಳಿಗೆ ಹೋದರು. ಚೆಂಡು ಹಾಲ್ ಆಫ್ ಫೇಮ್ ಸಂಗ್ರಹಾಲಯಕ್ಕೆ ಹೋಯಿತು.

ಓಡಿದ ಕಾಲು ಸ್ಮಿತ್‌ನದು. ದಾಖಲೆ ಬ್ರೀಸ್ ಅವರದು.

ಅಮೆರಿಕನ್ ಫುಟ್‌ಬಾಲ್‌ನ ಲೆಕ್ಕಪತ್ರ ಹೀಗೆಯೇ ನಡೆಯುತ್ತದೆ. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಐದೇ ಗಜ ದೂರಕ್ಕೆ ಎಸೆದಿರಲಿ, ಹಿಡಿದವನು ಅಲ್ಲಿಂದ 50 ಗಜ ಓಡಿದರೆ ಎಸೆದವನ ಖಾತೆಗೆ 55 ಗಜ ಜಮೆಯಾಗುತ್ತದೆ. ಎಸೆಯುವ ಮೊದಲು ಅವನಿಗೆ ಸಿಗುವ ಸಮಯ ಸುಮಾರು ಎರಡೂವರೆ ಮೂರು ಸೆಕೆಂಡು. ಅಷ್ಟನ್ನು ದೊರಕಿಸಿಕೊಡುವವರು ಅವನ ಮುಂದೆ ಗೋಡೆಯಂತೆ ನಿಲ್ಲುವ ಐದು ಮಂದಿ. ಅವರಲ್ಲಿ ನಡುವಿನವನು ಚೆಂಡನ್ನು ಹಿಂದಕ್ಕೆ ದಾಟಿಸಿ ಆಟ ಶುರು ಮಾಡುತ್ತಾನೆ. ಆಮೇಲೆ ಐವರೂ ಎದುರಾಳಿಗಳ ಹೊಡೆತವನ್ನು ಮೈಮೇಲೆ ತೆಗೆದುಕೊಳ್ಳುತ್ತಾರೆ. ಅಂಕಿಅಂಶದ ಪುಟದಲ್ಲಿ ಅವರ ಹೆಸರಿನ ಮುಂದೆ ಒಂದು ಗಜವೂ ಇರುವುದಿಲ್ಲ. ಹಾಗಿದ್ದರೆ ಆ ದೊಡ್ಡ ಸಂಖ್ಯೆ ನಿಜಕ್ಕೂ ಯಾರದು? ‘ನಾನು ಮಾಡಿದೆ’ ಎಂಬ ಮಾತಿನಲ್ಲಿ ಆ ‘ನಾನು’ ಎಷ್ಟು ದೊಡ್ಡದು?

ಈ ಪ್ರಶ್ನೆ ಘಟಪ್ರಭೆಯ ದಂಡೆಯವರಿಗೆ ಹಳೆಯದು. ಹಿಡಕಲ್ ಸುತ್ತಿನ ಹುಕ್ಕೇರಿ, ಗೋಕಾಕ, ಮೂಡಲಗಿ ಸೀಮೆ ಶ್ರೀಕೃಷ್ಣ ಪಾರಿಜಾತ ಆಟದ ತವರು. ಈ ಆಟವನ್ನು ರಂಗಕ್ಕೆ ತಂದು ಮನೆಮಾತಾಗಿಸಿದ ಕುಲಗೋಡ ತಮ್ಮಣ್ಣ, ಅದನ್ನು ಹಾಡಿ ಕುಣಿದು ಹೆಸರಾದ ಕೌಜಲಗಿ ನಿಂಗಮ್ಮ ಇಬ್ಬರೂ ಈ ನೆಲದವರು. ಆಟದ ಕತೆ ಒಂದು ಹೂವಿನದು. ನಾರದರು ದೇವಲೋಕದ ಪಾರಿಜಾತ ತಂದು ಕೃಷ್ಣನ ಕೈಗಿಡುತ್ತಾರೆ. ಕೃಷ್ಣ ಅದನ್ನು ರುಕ್ಮಿಣಿಗೆ ಕೊಡುತ್ತಾನೆ. ಸುದ್ದಿ ಸತ್ಯಭಾಮೆಗೆ ಮುಟ್ಟುತ್ತದೆ. ಅಲ್ಲಿಂದ ಬೆಳಗಿನವರೆಗೂ ಬಯಲಿನಲ್ಲಿ ಕೂತವರು ನೋಡುವುದು ಅವಳ ಮುನಿಸು, ಅವಳ ಅಹಂಕಾರ, ಅದು ಕರಗುವ ಪರಿ. ಹೂವು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತಿರುವಾಗ ‘ಇದು ನನಗೆ ಸೇರಬೇಕಿತ್ತು’ ಎಂದವಳಿಂದಲೇ ಆಟ ಬೆಳೆಯುತ್ತದೆ.

ಕೃತಿಯ ಹುಟ್ಟಿನಲ್ಲೂ ಇದೇ ಪಾಠವಿದೆ. ಪಾರಿಜಾತವನ್ನು ಮೊದಲು ಬರೆದವರು ಅಪರಾಳ ತಮ್ಮಣ್ಣ. ಅದನ್ನು ಹಿಗ್ಗಿಸಿ, ಆಟಕ್ಕೆ ಒಗ್ಗಿಸಿದವರು ಕುಲಗೋಡ ತಮ್ಮಣ್ಣ. ಎಸೆದವರು ಒಬ್ಬ ತಮ್ಮಣ್ಣ, ಹಿಡಿದು ಓಡಿದವರು ಇನ್ನೊಬ್ಬ ತಮ್ಮಣ್ಣ. ಆಟಕ್ಕೆ ಕೂತ ಜನ ಇಬ್ಬರನ್ನೂ ನೆನೆಯುತ್ತಾರೆ, ಹಿಮ್ಮೇಳದವರನ್ನೂ ಮರೆಯುವುದಿಲ್ಲ.

ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯ ಈ ವಿಷಯವನ್ನು ನೇರವಾಗಿಯೇ ಎತ್ತಿಕೊಳ್ಳುತ್ತದೆ. ಯಾವ ಕೆಲಸವಾದರೂ ಕೈಗೂಡಲು ಅದು ಐದು ಕಾರಣ ಕೊಡುತ್ತದೆ: ಅಧಿಷ್ಠಾನ, ಕರ್ತೃ, ಕರಣ, ಬಗೆಬಗೆಯ ಚೇಷ್ಟೆ, ದೈವ. ಈ ಐದೂ ಇರುವಾಗ ತಾನೊಬ್ಬನೇ ಮಾಡಿದೆ ಎಂದು ತಿಳಿಯುವವನಿಗೆ ಸರಿಯಾಗಿ ಕಾಣುತ್ತಿಲ್ಲ ಎಂದೂ ಅಲ್ಲೇ ಹೇಳಿದೆ. ಪಾಸಿಂಗ್ ದಾಖಲೆಗಳನ್ನು ಈ ಐದರ ಮುಂದೆ ಇಟ್ಟು ನೋಡಿದರೆ ಮಾತು ಎಷ್ಟು ಖಚಿತವೆಂದು ತಿಳಿಯುತ್ತದೆ.

ಅಧಿಷ್ಠಾನವೆಂದರೆ ದೇಹ ಎನ್ನುತ್ತಾರೆ ಭಾಷ್ಯಕಾರರು. 2005ರ ಕೊನೆಯ ದಿನ ಬ್ರೀಸ್ ಅವರ ಎಸೆಯುವ ತೋಳಿನ ಭುಜವೇ ಕಿತ್ತುಹೋಗಿತ್ತು. ಶಸ್ತ್ರಚಿಕಿತ್ಸಕರ ಕೈ ಕೆಲಸ ಮಾಡದಿದ್ದರೆ 71,940 ದಾಟುವ ಮಾತೇ ಇರಲಿಲ್ಲ. ಕರಣವೆಂದರೆ ಕಣ್ಣು, ಕೈ, ಚೆಂಡು. ಚೇಷ್ಟೆಯೆಂದರೆ ಆ ಐವರ ಗೋಡೆ, ಸ್ಮಿತ್‌ನ ಓಟ. ಇನ್ನು ದೈವ. ಲಾಸ್ ಏಂಜಲೀಸ್ ರಾಮ್ಸ್ ತಂಡದ ನಾರ್ಮ್ ವ್ಯಾನ್ ಬ್ರಾಕ್ಲಿನ್ 1951ರ ಸೆಪ್ಟೆಂಬರ್ 28ರಂದು ಒಂದೇ ಪಂದ್ಯದಲ್ಲಿ 554 ಗಜ ಎಸೆದರು. ಏಳು ದಶಕ ಕಳೆದರೂ ಅದನ್ನು ದಾಟಲು ಯಾರಿಗೂ ಆಗಲಿಲ್ಲ. ಅಂದು ಅವರಿಗೆ ಇಡೀ ಪಂದ್ಯ ಸಿಕ್ಕಿದ್ದು, ಅವರ ಜೊತೆ ಸರದಿಯಲ್ಲಿ ಆಡುತ್ತಿದ್ದ ಬಾಬ್ ವಾಟರ್‌ಫೀಲ್ಡ್ ಗಾಯಗೊಂಡು ಹೊರಗೆ ಕೂತಿದ್ದರಿಂದ.

ನಿಯಮಗಳೂ ದೈವದಂತೆಯೇ ಬದಲಾಗುತ್ತವೆ. ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ಸಿಕ್ಕಿದ್ದೇ 1906ರಲ್ಲಿ. ಹಿಡಿಯಲು ಓಡುವವರನ್ನು ಐದು ಗಜದಾಚೆ ತಡೆಯಬಾರದೆಂದು 1978ರಲ್ಲಿ ನಿಯಮ ಬಂತು. ಅದೇ ವರ್ಷ ಋತುವಿನ ಪಂದ್ಯಗಳು 14ರಿಂದ 16ಕ್ಕೆ ಏರಿದವು. ಆರು ವರ್ಷದ ಬಳಿಕ ಡ್ಯಾನ್ ಮರೀನೊ ಒಂದೇ ಋತುವಿನಲ್ಲಿ 5,084 ಗಜ ಎಸೆದರು. ಆ ದಾಖಲೆ 27 ವರ್ಷ ನಿಂತಿತು. 2011ರಲ್ಲಿ ಬ್ರೀಸ್ 5,476 ಗಜಕ್ಕೆ ಒಯ್ದರು. 2013ರಲ್ಲಿ ಮ್ಯಾನಿಂಗ್ ಅದನ್ನು ಒಂದೇ ಒಂದು ಗಜದಿಂದ ದಾಟಿದರು. ಜೀವಮಾನದ ದಾಖಲೆಯೂ ಬ್ರೀಸ್ ಬಳಿ ಹೆಚ್ಚು ಕಾಲ ಉಳಿಯಲಿಲ್ಲ. 2021ರ ಅಕ್ಟೋಬರ್‌ನಲ್ಲಿ ಟಾಮ್ ಬ್ರೇಡಿ ಮುಂದೆ ಹೋದರು, 89,214 ಗಜಕ್ಕೆ ನಿಲ್ಲಿಸಿದರು. ನಮ್ಮ ಅಳತೆಯಲ್ಲಿ ಅದು 81 ಕಿಲೋಮೀಟರ್‌ಗೂ ಮೇಲೆ, ಗೋಕಾಕದಿಂದ ಹೊರಟರೆ ಬೆಳಗಾವಿ ದಾಟಿ ಇನ್ನೂ ಮುಂದೆ.

ಇಷ್ಟಾದರೂ ಐದು ಕಾರಣಗಳಲ್ಲಿ ಕರ್ತೃ ಒಬ್ಬನಿದ್ದೇ ಇದ್ದಾನೆ. ಗೀತೆ ಅವನನ್ನು ಅಳಿಸುವುದಿಲ್ಲ, ಐವರ ಪಂಕ್ತಿಯಲ್ಲಿ ಕೂರಿಸುತ್ತದೆ. ಭುಜ ಹೊಲಿಸಿಕೊಂಡವನು ಮತ್ತೆ ಎಸೆಯಲು ಕಲಿಯಬೇಕಾದರೆ ಆ ದುಡಿಮೆ ಅವನದೇ. ಅದನ್ನು ಅಲ್ಲಗಳೆದರೆ ಕಾಯಕಕ್ಕೇ ಅವಮಾನ.

ಕ್ವಾರ್ಟರ್‌ಬ್ಯಾಕ್‌ನ ಕಾಯಕದಲ್ಲಿ ಬೇರೆ ಕಡೆ ಕಾಣದ ಒಂದು ಗುಣವಿದೆ. ಚೆಂಡು ಅವನ ಕೈಯಲ್ಲೇ ಉಳಿದು ಎದುರಾಳಿ ಬಂದು ಕೆಡವಿದರೆ ತಂಡ ಹಿಂದಕ್ಕೆ ಸರಿಯಬೇಕು. ಎಸೆದದ್ದು ನೆಲಕ್ಕೆ ಬಿದ್ದರೆ ಗಜ ಸೊನ್ನೆ. ಇನ್ನೊಬ್ಬರ ಕೈಗೆ ಮುಟ್ಟಿದರೆ ಮಾತ್ರ ಅದು ಅವನ ಗಳಿಕೆ. ಎಂದರೆ, ಅವನ ಇಡೀ ದಾಖಲೆ ಅವನು ಕೈಬಿಟ್ಟದ್ದರ ಲೆಕ್ಕ. ಮ್ಯಾನಿಂಗ್‌ಗಿಂತ ಮೊದಲು ಜೀವಮಾನದ ದಾಖಲೆ ಇದ್ದದ್ದು ಬ್ರೆಟ್ ಫಾರ್ವ್ ಹೆಸರಿನಲ್ಲಿ. ವೃತ್ತಿಪರ ಆಟದಲ್ಲಿ ಅವರ ಮೊತ್ತಮೊದಲ ಪೂರ್ಣಗೊಂಡ ಪಾಸ್ 1992ರದು. ಎಸೆದ ಚೆಂಡು ಎದುರಾಳಿಗೆ ತಗುಲಿ ಚಿಮ್ಮಿ ವಾಪಸ್ ಬಂತು, ಅವರೇ ಹಿಡಿದರು. ಲೆಕ್ಕಪತ್ರದಲ್ಲಿ ಬರೆದದ್ದು ಮೈನಸ್ 7 ಗಜ.

ಇದನ್ನು ಶರಣರ ಮಾತಿನಲ್ಲಿ ಹೇಳುವುದಾದರೆ ದಾಸೋಹದ ಹತ್ತಿರ ಬರುತ್ತದೆ. ದುಡಿದದ್ದು ತನ್ನಲ್ಲೇ ನಿಂತರೆ ಅದು ಕಾಯಕವಾಗದು, ಇನ್ನೊಬ್ಬರಿಗೆ ಮುಟ್ಟಬೇಕು. ಮುಟ್ಟಿಸಿದ ಮೇಲೆ ‘ಕೊಟ್ಟವನು ನಾನು’ ಎಂಬ ಎಣಿಕೆ ಮನಸ್ಸಿನಲ್ಲಿ ಏಳುತ್ತದಲ್ಲ, ಅದರ ವಿಷಯದಲ್ಲಿ ಬಸವಣ್ಣನವರು ಬಹಳ ಕಟ್ಟುನಿಟ್ಟು. ವಚನಕಾರರು ತಮ್ಮ ಮಾತಿನ ಕೊನೆಗೆ ಇಡುತ್ತಿದ್ದ ಅಂಕಿತವನ್ನೇ ನೋಡಬಹುದು. ಹೆಸರು ಬರುವ ಜಾಗದಲ್ಲಿ ಬಸವಣ್ಣ ಬರೆದದ್ದು ಕೂಡಲಸಂಗಮದೇವನ ಹೆಸರು. ಹಿಡಕಲ್‌ನ ರಾಜಾ ಲಖಮಗೌಡ ಜಲಾಶಯದಿಂದ ಬಿಟ್ಟ ಘಟಪ್ರಭೆಯ ನೀರು ಗೋಕಾಕ ಫಾಲ್ಸ್‌ನಲ್ಲಿ 52 ಮೀಟರ್ ಧುಮುಕಿ, ಬಾಗಲಕೋಟೆ ಕಡೆ ಕೃಷ್ಣೆಯನ್ನು ಸೇರಿ, ಹರಿದು ಮುಟ್ಟುವುದು ಅದೇ ಕೂಡಲಸಂಗಮವನ್ನು. ಆ ಹೊತ್ತಿಗೆ ಅದಕ್ಕೆ ಘಟಪ್ರಭೆ ಎಂಬ ಹೆಸರು ಉಳಿದಿರುವುದಿಲ್ಲ.

ಡ್ಯಾಂ ಸುಮಾರು 51 ಟಿಎಂಸಿ ಹಿಡಿಯುತ್ತದೆ. ‘ಹಿಡಕಲ್ ತುಂಬ್ಯಾದ’ ಎಂದು ಊರವರು ಹಿಗ್ಗುವುದು ಆ ಸಂಖ್ಯೆಗಲ್ಲ. ಕಾಲುವೆಗೆ ನೀರು ಬರುತ್ತದೆ, ಕೊನೆಯ ಹೊಲದ ಕಬ್ಬಿನವರೆಗೂ ಮುಟ್ಟುತ್ತದೆ ಎಂಬ ಭರವಸೆಗೆ.

ಹಾಗಾದರೆ ಸಂಖ್ಯೆಗೆ ಆಸೆಪಡುವುದೇ ತಪ್ಪೆ? ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಹಿಂದಕ್ಕೆ ಸುರಿದು ಬರಲು ಕಳಿಸಿದಳು. ಬೇಕಾದ್ದಕ್ಕಿಂತ ಒಂದು ಹಿಡಿ ಹೆಚ್ಚು ಏಕೆ ಎಂಬುದು ಅವಳ ಪ್ರಶ್ನೆ. ದಾಖಲೆ ಎಂಬುದೇ ಆ ಹೆಚ್ಚಿನ ಹಿಡಿ. ಈ ಕಟ್ಟುನಿಟ್ಟನ್ನು ಮೈದಾನಕ್ಕೆ ತಂದವರು ಕನ್ನಡ ನಾಡಿನಲ್ಲೂ ಇದ್ದಾರೆ. 2004ರ ಮಾರ್ಚ್ 29ರಂದು ಮುಲ್ತಾನ್‌ನಲ್ಲಿ ಸಚಿನ್ ತೆಂಡೂಲ್ಕರ್ 194 ರನ್ ಗಳಿಸಿ ಕ್ರೀಸ್‌ನಲ್ಲಿದ್ದಾಗ, ಹಂಗಾಮಿ ನಾಯಕ ರಾಹುಲ್ ದ್ರಾವಿಡ್ 675ಕ್ಕೆ ಇನ್ನಿಂಗ್ಸ್ ಡಿಕ್ಲೇರ್ ಮಾಡಿದರು. ಇನ್ನಾರು ರನ್ ಸಿಕ್ಕಿದ್ದರೆ ದ್ವಿಶತಕ. ತಂಡಕ್ಕೆ ಬೇಕಿದ್ದದ್ದು ಎದುರಾಳಿಯನ್ನು ಔಟ್ ಮಾಡುವ ಸಮಯ. ಭಾರತ ಇನ್ನಿಂಗ್ಸ್ ಮತ್ತು 52 ರನ್‌ಗಳಿಂದ ಗೆದ್ದಿತು, ಪಾಕಿಸ್ತಾನದ ನೆಲದಲ್ಲಿ ಅದು ಭಾರತದ ಮೊದಲ ಟೆಸ್ಟ್ ಗೆಲುವು. ವಾದ ಮಾತ್ರ ಇವತ್ತಿಗೂ ಮುಗಿದಿಲ್ಲ.

ಇದಕ್ಕೆ ಐದು ವರ್ಷ ಮೊದಲು, ದೆಹಲಿಯ ಕೋಟ್ಲಾ ಮೈದಾನದಲ್ಲಿ ಲಕ್ಕಮ್ಮನ ಪ್ರಶ್ನೆಗೆ ಇನ್ನೊಂದು ಉತ್ತರ ಸಿಕ್ಕಿತ್ತು. 1999ರ ಫೆಬ್ರುವರಿ 7. ಪಾಕಿಸ್ತಾನದ ಗುರಿ 420. ಸಯೀದ್ ಅನ್ವರ್ ಮತ್ತು ಶಾಹಿದ್ ಅಫ್ರಿದಿ ಮೊದಲ ವಿಕೆಟ್‌ಗೆ 101 ರನ್ ಸೇರಿಸಿದ ಮೇಲೆ, ತನ್ನ ಹೆಸರಿನಲ್ಲೇ ಕಾಸರಗೋಡಿನ ಊರನ್ನು ಹೊತ್ತ ಅನಿಲ್ ಕುಂಬ್ಳೆ ಒಂದರ ಹಿಂದೆ ಒಂದು ವಿಕೆಟ್ ಕೀಳುತ್ತ ಹೋದರು. ಒಂಬತ್ತು ಬಿದ್ದವು, ಒಂಬತ್ತೂ ಅವರವೇ. ಇನ್ನೊಂದು ತುದಿಯಿಂದ ಮೈಸೂರಿನ ಜಾವಗಲ್ ಶ್ರೀನಾಥ್ ಓವರ್ ಎಸೆಯಬೇಕು. ಅದೇ ಓವರ್‌ನಲ್ಲಿ ಅವರೇ ಕೊನೆಯ ವಿಕೆಟ್ ಪಡೆದುಬಿಟ್ಟರೆ ಪಂದ್ಯ ಮುಗಿಯುತ್ತದೆ, ಗೆಳೆಯನ ಲೆಕ್ಕ ಒಂಬತ್ತಕ್ಕೇ ನಿಲ್ಲುತ್ತದೆ.

ಜಗತ್ತಿನ ಯಾವ ವೇಗದ ಬೌಲರ್‌ನ ಮೈಗೂ ಒಗ್ಗದ ಕೆಲಸ ಅದು. ದೂರದಿಂದ ಓಡಿಬಂದು, ಪೂರಾ ಶಕ್ತಿ ಹಾಕಿ, ಸ್ಟಂಪ್‌ನಿಂದ ಆಚೆಗೆ ಎಸೆಯಬೇಕು. ಬಾಲ್ಯದಿಂದ ಆ ತೋಳು ಕಲಿತದ್ದೆಲ್ಲ ಸ್ಟಂಪ್ ಹುಡುಕುವುದನ್ನೇ. ಶ್ರೀನಾಥ್ ಚೆಂಡನ್ನು ಆಫ್ ಸ್ಟಂಪ್‌ನಿಂದ ಸಾಕಷ್ಟು ದೂರ ಇಟ್ಟರು, ವೈಡ್ ಆದರೂ ಆಗಲಿ ಎಂದರು. ಓವರ್ ಮುಗಿಯಿತು. ಮುಂದಿನ ಓವರ್‌ನಲ್ಲಿ ವಾಸಿಂ ಅಕ್ರಂ ಅವರ ಬ್ಯಾಟಿಗೆ ತಗುಲಿದ ಚೆಂಡು ಶಾರ್ಟ್ ಲೆಗ್‌ನಲ್ಲಿ ವಿ.ವಿ.ಎಸ್. ಲಕ್ಷ್ಮಣ್ ಕೈ ಸೇರಿತು. 26.3 ಓವರ್, 9 ಮೇಡನ್, 74 ರನ್, 10 ವಿಕೆಟ್. 1956ರಲ್ಲಿ ಜಿಮ್ ಲೇಕರ್ ಮಾಡಿದ್ದನ್ನು 43 ವರ್ಷದ ಬಳಿಕ ಇನ್ನೊಬ್ಬರು ಮಾಡಿದ್ದರು.

ಮುಲ್ತಾನ್ ಮತ್ತು ಕೋಟ್ಲಾ ಒಂದಕ್ಕೊಂದು ಎದುರಾಗಿ ನಿಂತಂತೆ ಕಾಣುತ್ತವೆ. ಒಂದು ಕಡೆ ಗೆಳೆಯನ ದಾಖಲೆಗೆ ಕಾಯಲು ಒಪ್ಪದ ಕನ್ನಡಿಗ, ಇನ್ನೊಂದು ಕಡೆ ಗೆಳೆಯನ ದಾಖಲೆಗಾಗಿ ತನ್ನ ವಿಕೆಟ್ಟನ್ನೇ ಬಿಟ್ಟ ಕನ್ನಡಿಗ. ಆದರೆ ಇಬ್ಬರೂ ತಮಗಾಗಿ ಏನನ್ನೂ ಉಳಿಸಿಕೊಳ್ಳಲಿಲ್ಲ. ದ್ರಾವಿಡ್‌ಗೆ ಸಿಕ್ಕಿದ್ದು ವರ್ಷಗಟ್ಟಲೆ ಟೀಕೆ. ಶ್ರೀನಾಥ್‌ಗೆ ವಿಕೆಟ್ ಇಲ್ಲ. ಕೋಟ್ಲಾದಲ್ಲಿ ಗೆಲುವು ಹತ್ತಿರದಲ್ಲೇ ಇತ್ತು, ಹೆಚ್ಚಿನ ಆ ಒಂದು ಹಿಡಿಯಿಂದ ತಂಡದ ಅನ್ನಕ್ಕೆ ಕೊರತೆಯಾಗುತ್ತಿರಲಿಲ್ಲ. ಮುಲ್ತಾನ್‌ನಲ್ಲಿ ಆ ಖಾತ್ರಿ ಇರಲಿಲ್ಲ. ಲಕ್ಕಮ್ಮ ಇಬ್ಬರನ್ನೂ ಮನೆಯೊಳಗೆ ಕರೆದಾಳು ಎಂದು ನಂಬಲು ಇದು ಸಾಕು. ತನಗೆಂದು ಆಯ್ದ ಅಕ್ಕಿ ಬೇರೆ, ಬಂದವರ ಎಲೆಗೆ ಬಡಿಸಿದ ಅಕ್ಕಿ ಬೇರೆ.

ಗೋಕಾಕದಲ್ಲಿ ಶೂನ್ಯ ಸಂಪಾದನ ಮಠವಿದೆ. ಮಠದ ಹೆಸರಿನಲ್ಲಿರುವ ಶೂನ್ಯ ಸಂಪಾದನೆ ಅಲ್ಲಮಪ್ರಭುವನ್ನು ನಡುವಿಟ್ಟು ಶರಣರ ವಚನಗಳನ್ನು ಸಂವಾದವಾಗಿ ಜೋಡಿಸಿದ ಮಹಾಗ್ರಂಥ. ಅದನ್ನು ಶಿವಗಣಪ್ರಸಾದಿ ಮಹದೇವಯ್ಯ ಮೊದಲು ಸಂಕಲಿಸಿದರು. ಆಮೇಲೆ ಮೂವರು ಅದನ್ನೇ ಮತ್ತೆ ಮತ್ತೆ ಕಟ್ಟಿದರು. ಅಲ್ಲಿನ ಶೂನ್ಯ ಗಣಿತದ ಸೊನ್ನೆಯಲ್ಲ. ‘ನಾನು’ ‘ನನ್ನದು’ ಎಂಬುದು ತೊಲಗಿದ ಮೇಲೆ ಉಳಿಯುವ ತುಂಬಿದ ಬಯಲು ಅದು. ಅದನ್ನು ಸಂಪಾದಿಸಬೇಕು ಎಂಬುದೇ ಆ ಹೆಸರಿನ ಸೋಜಿಗ. ಎಲ್ಲ ಸಂಪಾದನೆಗೂ ದುಡಿಮೆ ಬೇಕು, ಇದಕ್ಕೂ ಬೇಕು.

ಕೋಟ್ಲಾ ಪಂದ್ಯ ಮುಗಿದು ಒಂಬತ್ತು ದಿನಕ್ಕೆ ಕೋಲ್ಕತ್ತಾದ ಈಡನ್ ಗಾರ್ಡನ್ಸ್‌ನಲ್ಲಿ ಮತ್ತೆ ಅದೇ ಪಾಕಿಸ್ತಾನ ಎದುರಾಯಿತು. ಶ್ರೀನಾಥ್ ಮೊದಲ ಇನ್ನಿಂಗ್ಸ್‌ನಲ್ಲಿ 46ಕ್ಕೆ 5, ಎರಡನೆಯದರಲ್ಲಿ 86ಕ್ಕೆ 8 ವಿಕೆಟ್ ಪಡೆದರು. ಅದು ಅವರ ಟೆಸ್ಟ್ ಜೀವನದ ಶ್ರೇಷ್ಠ ಸಾಧನೆ. ಭಾರತ ಮಾತ್ರ 46 ರನ್‌ಗಳಿಂದ ಸೋತಿತು. ಆ ತೋಳಿಗೆ ಸ್ಟಂಪ್ ಎಲ್ಲಿದೆಯೆಂದು ಚೆನ್ನಾಗಿ ಗೊತ್ತಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಕೋಟ್ಲಾದ ಅಂಕಪಟ್ಟಿಯನ್ನು ಇವತ್ತು ತೆರೆದರೂ ಎರಡನೇ ಇನ್ನಿಂಗ್ಸ್‌ನ ಬೌಲಿಂಗ್ ಪಟ್ಟಿಯಲ್ಲಿ ಕುಂಬ್ಳೆ ಹೆಸರಿನ ಮುಂದೆ 10 ಇದೆ. ಅದೇ ಪಟ್ಟಿಯಲ್ಲಿ ಜಾವಗಲ್ ಶ್ರೀನಾಥ್ ಹೆಸರಿನ ಮುಂದೆ, ವಿಕೆಟ್‌ಗಳ ಅಂಕಣದಲ್ಲಿ, 0 ಇದೆ.